‘ವೀರಮರಣ’ ಎಂಬ ಪದ ತೆಗೆದು ಮತ್ತೆ ಬರೆಯಿರಿ

ಪ್ರಿಯರೇ,

ನೈಲ್ ಕಿನ್ನಿಕ್ ಕುರಿತು ನೀವು ಕಳಿಸಿದ ‘ಗಗನ ಸೇರಿದ ವೀರ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೂ ಇದನ್ನು ಕೈಬಿಡಬೇಡಿ. 1939ರ ಅಮೆರಿಕದ ಕಾಲೇಜು ಆಟಗಾರನೊಬ್ಬನ ಕಥೆಯನ್ನು ಕನ್ನಡಕ್ಕೆ ತರಬೇಕೆಂದು ನಿಮಗೆ ಅನಿಸಿತಲ್ಲ, ಅದು ನನಗೆ ತುಂಬ ಹಿಡಿಸಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

‘ನೋಟರ್ ಡೇಮ್ ವಿರುದ್ಧ ಏಳು ಗೋಲು ಹೊಡೆದು ಗೆಲ್ಲಿಸಿದರು’ ಎಂದಿದ್ದೀರಿ. ನಮ್ಮ ಓದುಗರಿಗೆ ಫುಟ್‌ಬಾಲ್ ಎಂದರೆ ಕಾಲ್ಚೆಂಡು. ಅಮೆರಿಕನ್ ಫುಟ್‌ಬಾಲ್ ಎಂಬ ಈ ಆಟ ಬೇರೆ. ಚೆಂಡನ್ನು ಅವುಚಿಕೊಂಡು ಎದುರಾಳಿಯ ಕೊನೆಯ ಗೆರೆ ದಾಟಿದರೆ ಆರು ಅಂಕ, ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ನವೆಂಬರ್ 11ರಂದು ಅವನ ಅಯೋವಾ ವಿಶ್ವವಿದ್ಯಾಲಯದ ತಂಡ 7–6ರಿಂದ ಗೆದ್ದಾಗ ಆ ಆರೂ ಕಿನ್ನಿಕ್‌ನವು, ಈ ಒಂದೂ ಅವನದೇ. ಅಷ್ಟಕ್ಕೇ ಮುಗಿಯಲಿಲ್ಲ. ಮುಂದೆ ನುಗ್ಗಲು ದಾರಿ ಕಾಣದಾಗ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಯನ್ನು ಅವನ ಮೂಲೆಗೇ ಹಿಮ್ಮೆಟ್ಟಿಸುವುದಕ್ಕೆ ಪಂಟ್ ಎನ್ನುತ್ತಾರೆ. ಅಂದು ಅವನು ಒದ್ದ ಪಂಟ್‌ಗಳು 16, ಒಟ್ಟು 731 ಗಜ. ಒಂದೇ ಒಂದು ಅಂಕದ ಮುನ್ನಡೆಯನ್ನು ಒಬ್ಬ ಹುಡುಗ ಕಾಲಿನಿಂದ ಕಾಯುತ್ತಿದ್ದಾನೆ! ಇದನ್ನೆಲ್ಲ ನೀವು ‘ಅಮೋಘ ಪ್ರದರ್ಶನ’ ಎಂದು ಎರಡು ಪದದಲ್ಲಿ ಮುಗಿಸಿಬಿಟ್ಟಿರಿ. ಇಲ್ಲಿ ನಿಲ್ಲಿ, ಒಂದು ಪುಟ ಬರೆಯಿರಿ.

‘ಸತತ 402 ನಿಮಿಷ ಆಡಿದರು’ ಎಂಬ ಮಾತೂ ಹಾಗೆಯೇ ಒಣಗಿ ಬಿದ್ದಿದೆ. ಈಗ ದಾಳಿಗೆ ಹನ್ನೊಂದು ಮಂದಿಯಾದರೆ ರಕ್ಷಣೆಗೆ ಬೇರೆ ಹನ್ನೊಂದು ಮಂದಿ. ಆಗ ಅವರೇ ಎರಡನ್ನೂ ಮಾಡಬೇಕಿತ್ತು. ಪಂದ್ಯಕ್ಕೆ 60 ನಿಮಿಷ. ಆರು ಇಡೀ ಪಂದ್ಯಗಳಲ್ಲಿ ಅವನು ಒಮ್ಮೆಯೂ ಹೊರಗೆ ಕೂರಲಿಲ್ಲ; ನಾರ್ತ್‌ವೆಸ್ಟರ್ನ್ ವಿರುದ್ಧದ ಏಳನೆಯದರಲ್ಲಿ 42 ನಿಮಿಷ ಆಡಿ, ಭುಜಕ್ಕೆ ಪೆಟ್ಟಾದಾಗಲೇ ಹೊರಬಂದದ್ದು. ಹೀಗೆ ಲೆಕ್ಕ ಬಿಡಿಸಿ ಹೇಳಿದರೆ ಓದುಗರ ಮೈಯೂ ದಣಿಯುತ್ತದೆ.

‘ಪರ್ಲ್ ಹಾರ್ಬರ್ ದಾಳಿಯಿಂದ ಕ್ರುದ್ಧರಾಗಿ ಸೇನೆ ಸೇರಿದರು’ ಎಂಬುದು ತಪ್ಪು. ಅವನು ನೌಕಾಪಡೆಯ ವಿಮಾನ ತರಬೇತಿಗೆ ಹಾಜರಾದದ್ದು 1941ರ ಡಿಸೆಂಬರ್ 4ರಂದು, ದಾಳಿಗೆ ಮೂರು ದಿನ ಮೊದಲು. ಲೇಖನದ ಜೀವ ಇರುವುದೇ ಇಲ್ಲಿ. ಎರಡು ವರ್ಷ ಹಿಂದೆ ನ್ಯೂಯಾರ್ಕಿನಲ್ಲಿ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಪಡೆಯುವಾಗ, ತಾನು ಯುರೋಪಿನ ರಣರಂಗದಲ್ಲಿ ಇರದೆ ಆಟದ ಮೈದಾನದಲ್ಲಿ ಕಾದಾಡುತ್ತಿರುವುದಕ್ಕೆ ಅವನು ದೇವರಿಗೆ ಕೃತಜ್ಞತೆ ಹೇಳಿದ್ದ. ಈ ದೇಶದ ಆಟಗಾರರಿಗೆ ಬೇಕಾದದ್ದು ಈ ಟ್ರೋಫಿಯೇ ಹೊರತು ಕ್ರ್ವಾ ದ ಗೇರ್ ಅಲ್ಲ ಎಂದಿದ್ದ. (ಅದನ್ನು ‘ಯುದ್ಧ ಶಿಲುಬೆ’ ಎಂದು ಅನುವಾದಿಸಿದ್ದೀರಿ, ‘ಫ್ರಾನ್ಸಿನ ಶೌರ್ಯ ಪದಕ’ ಎಂದರೆ ಸಾಕು.) ವೃತ್ತಿಪರ ತಂಡದ ಕರೆ ಬಿಟ್ಟು ಕಾನೂನು ಓದಲು ಹೋದವನು. ಯುದ್ಧ ಬೇಡವೆಂದ ಆ ಬಾಯಿಗೂ ಸಮವಸ್ತ್ರ ತೊಟ್ಟ ಆ ಮೈಗೂ ನಡುವೆ ಎರಡು ವರ್ಷಗಳಿವೆ. ನೀವು ಅಲ್ಲಿಗೆ ಹೋಗಲೇ ಇಲ್ಲ. ಭಾಷಣವನ್ನು ಕೊನೆಯ ಪ್ಯಾರಾದಲ್ಲಿ ಅಲಂಕಾರಕ್ಕೆ ಇಟ್ಟಿದ್ದೀರಿ.

‘ಶತ್ರುಗಳೊಡನೆ ಸೆಣಸಿ ವೀರಮರಣ’ ಎಂದಿರಿ. ಅಲ್ಲಿ ಶತ್ರುವೇ ಇರಲಿಲ್ಲ. 1943ರ ಜೂನ್ 2, ವೆನೆಜುವೆಲಾ ಕರಾವಳಿಯಾಚೆ ಲೆಕ್ಸಿಂಗ್ಟನ್ ಎಂಬ ವಿಮಾನವಾಹಕ ಹಡಗಿನಿಂದ ಹೊರಟ ತರಬೇತಿ ಹಾರಾಟ. ಅವನ ವೈಲ್ಡ್‌ಕ್ಯಾಟ್ ವಿಮಾನದಿಂದ ಎಣ್ಣೆ ಸೋರತೊಡಗಿತು. ಹಡಗಿಗೆ ಮರಳಲಾಗದೆ ನೀರಿನ ಮೇಲೆ ಇಳಿಸಿದ. ರಕ್ಷಣಾ ದೋಣಿ ಬಂದಾಗ ಕಂಡದ್ದು ತೇಲುವ ಎಣ್ಣೆ ಮಾತ್ರ, ದೇಹ ಸಿಗಲಿಲ್ಲ. ಇಷ್ಟನ್ನೇ ಬರೆಯಿರಿ, ವಿಶೇಷಣ ಬೇಡ. ಜೆರ್ಸಿಯೂ 24, ವಯಸ್ಸೂ 24, ‘ವಿಧಿಯಾಟ’ ಎಂಬ ಸಾಲು ಹೊಡೆದುಹಾಕಿ. ಅದರ ಬದಲು, 25 ತುಂಬಲು ಐದೇ ವಾರ ಉಳಿದಿತ್ತು ಎನ್ನಿ.

ಉದ್ದಕ್ಕೂ ‘ಅವರು’, ‘ಶ್ರೀಯುತರು’ ಎಂದಿದ್ದೀರಿ. ಗೌರವ ಸರಿ, ಆದರೆ ಅದರಿಂದ ಅಡೆಲ್ ಎಂಬ ಸಣ್ಣ ಊರಿನ ಹುಡುಗ ಸನ್ಮಾನದ ವೇದಿಕೆ ಹತ್ತಿ ಕೂತುಬಿಟ್ಟ. ‘ಅವನು’ ಎನ್ನಿ, ಹತ್ತಿರ ಬರುತ್ತಾನೆ. 1972ರಲ್ಲಿ ಅಯೋವಾದ ಕ್ರೀಡಾಂಗಣಕ್ಕೆ ಅವನ ಹೆಸರಿಟ್ಟದ್ದು ಒಂದು ವಾಕ್ಯಕ್ಕೆ ಸಾಕು. ‘ಯುವಜನತೆಗೆ ಸ್ಫೂರ್ತಿ’ ಎಂಬ ಪ್ಯಾರಾ ಪೂರ್ತಿ ತೆಗೆಯಿರಿ.

ತಿದ್ದಿ ಕಳಿಸಿ, ನಾನೇ ಕೂತು ಓದುತ್ತೇನೆ. ಪಂಟ್‌ನ ಭಾಗವನ್ನು ಮಾತ್ರ ಚಿಕ್ಕದು ಮಾಡಬೇಡಿ.

— ಸಂಪಾದಕ