ಬೀಗ ಹಾಕಿದ ಮನೆಯ ಬದಲು ಪಕ್ಕದ ಮನೆ?

ಪ್ರಶ್ನೆ: ಗ್ರಾಮೀಣ ಕುಟುಂಬ ಸಮೀಕ್ಷೆಯ ಕ್ಷೇತ್ರಾಧಿಕಾರಿಯಾಗಿ ಇತ್ತೀಚೆಗೆ ಸೇರಿದ್ದೇನೆ. ಪಟ್ಟಿಯಲ್ಲಿರುವ ಎಷ್ಟೋ ಮನೆಗಳಿಗೆ ಹಗಲಿನಲ್ಲಿ ಬೀಗ. ಪಕ್ಕದವರು ತಾವಾಗಿಯೇ ಕರೆದು ಕೂರಿಸುತ್ತಾರೆ. ಬದಲಿಗೆ ಅವರನ್ನೇ ಕೇಳಿದರೆ ತಪ್ಪೇನು? ಸಿಕ್ಕವರೂ ಖರ್ಚನ್ನು ಅಂದಾಜಿನಲ್ಲೇ ಹೇಳುತ್ತಾರೆ. ಇಂಥ ಅಂಕಿಗಳಿಗೆ ಬೆಲೆಯಿದೆಯೇ?

ಉತ್ತರ: ತಪ್ಪಿದೆ, ಅದೂ ದೊಡ್ಡ ತಪ್ಪು. ಹಗಲಿನಲ್ಲಿ ಯಾರ ಮನೆಗೆ ಬೀಗ ಬೀಳುತ್ತದೆ, ಯೋಚಿಸಿ. ಕೂಲಿಗೆ ಹೋದವರದು, ದುಡಿಮೆ ಹುಡುಕಿ ಊರು ಬಿಟ್ಟವರದು, ಒಬ್ಬಳೇ ದುಡಿದು ಸಂಸಾರ ತೂಗಿಸುವ ಹೆಂಗಸಿನದು. ಕೂರಿಸಿ ಮಾತನಾಡಲು ಪುರುಸೊತ್ತಿರುವವರ ಬದುಕೇ ಬೇರೆ. ಮನೆ ಬದಲಿಸಿದರೆ ಕೂಲಿಕಾರರು ಲೆಕ್ಕದಿಂದ ಜಾರಿಹೋಗುತ್ತಾರೆ, ಊರು ಇರುವುದಕ್ಕಿಂತ ಅನುಕೂಲವಾಗಿ ಕಾಣುತ್ತದೆ. ಮಾದರಿಗೆ ಆಯ್ಕೆಯಾದ ಮನೆ ತನ್ನಂಥ ಅನೇಕ ಮನೆಗಳ ಪರವಾಗಿ ಉತ್ತರಿಸುತ್ತದೆ ಎಂಬುದನ್ನು ನಾನು ನಿವೃತ್ತಳಾಗುವವರೆಗೂ ಹೊಸಬರಿಗೆ ಹೇಳುತ್ತಲೇ ಬಂದೆ. ಮನೆಯವರು ಕೆಲಸಕ್ಕೆ ಹೊರಡುವ ಮುನ್ನ ಹೋಗಿ, ಸಂಜೆ ಹೋಗಿ. ಆದರೂ ಸಿಗದಿದ್ದರೆ ಬೀಗ ಹಾಕಿದೆ ಎಂದೇ ಬರೆಯಿರಿ. ಬದಲಿ ಮನೆ ಬೇಕೇ, ಯಾವುದು ಎಂಬುದು ಕೈಪಿಡಿಯ ನಿಯಮದಂತೆ ತೀರ್ಮಾನವಾಗಲಿ, ನಿಮ್ಮ ಅನುಕೂಲದಂತಲ್ಲ.

ಅಂದಾಜಿನ ಮಾತು. ಅದು ಸುಳ್ಳಲ್ಲ, ನೆನಪಿನ ಮಿತಿ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ಇದರೊಡನೆ ಸೆಣಸುತ್ತಲೇ ಬಂದಿದೆ. ಆಹಾರದ ಖರ್ಚನ್ನು 30 ದಿನಗಳ ಬದಲು 7 ದಿನಗಳಿಗೆ ಕೇಳಿದಾಗ ಲೆಕ್ಕ ಹೆಚ್ಚು ಬಂದಿತ್ತು. 1999-2000ರಲ್ಲಿ ಒಂದೇ ಮನೆಯವರನ್ನು ಎರಡು ಅವಧಿಗೂ ಕೇಳಿದ್ದರಿಂದ, ಒಂದು ಉತ್ತರ ಇನ್ನೊಂದನ್ನು ಎಳೆದಿರಬಹುದು, ಹಳೆಯ ಲೆಕ್ಕದೊಡನೆ ಹೋಲಿಸಲಾಗದು ಎಂಬ ಅನುಮಾನ ಬಂತು. ಬಡತನವನ್ನು ಅಳೆಯುತ್ತಿದ್ದುದು ಈ ಖರ್ಚಿನ ಲೆಕ್ಕದಿಂದಲೇ, ಹಾಗಾಗಿ ಬಡತನ ನಿಜಕ್ಕೂ ಎಷ್ಟು ಇಳಿಯಿತು ಎಂಬುದೇ ಅರ್ಥಶಾಸ್ತ್ರಜ್ಞರ ನಡುವೆ ದೊಡ್ಡ ವಾದವಾಯಿತು. ಆದ್ದರಿಂದ ನಮೂನೆಯಲ್ಲಿ ‘ಕಳೆದ 7 ದಿನ’ ಎಂದಿದ್ದರೆ ‘ಸಾಮಾನ್ಯವಾಗಿ ವಾರಕ್ಕೆಷ್ಟು’ ಎಂದು ಕೇಳಲೇಬೇಡಿ.

ನಾನು ಮೊದಲಿಗೇ ಮೊತ್ತ ಕೇಳುತ್ತಿರಲಿಲ್ಲ. ಏನು ತಂದಿರಿ, ಯಾವ ದಿನ, ತರಲು ಹೋದವರು ಯಾರು, ಇನ್ನೂ ಎಷ್ಟು ಉಳಿದಿದೆ ಎಂದು ಕೇಳುತ್ತಾ ಹೋದರೆ ಮೊತ್ತ ತಾನಾಗಿ ಕೂಡಿಬರುತ್ತದೆ. ಯಜಮಾನರು ಹೇಳಿದ್ದನ್ನು ಒಳಗಿನಿಂದ ಯಾರಾದರೂ ತಿದ್ದಿದರೆ ಪೆನ್ನು ನಿಲ್ಲಿಸಿ, ಅವರನ್ನೂ ಕೂರಿಸಿಕೊಳ್ಳಿ. ಅಡುಗೆ ಮಾಡುವವರಿಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿರುವುದಿಲ್ಲ. ಸ್ವಂತ ಹೊಲದಲ್ಲಿ ಬೆಳೆದು ತಿಂದದ್ದನ್ನು ಖರ್ಚೆಂದು ಯಾರೂ ಎಣಿಸುವುದಿಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು. ಒಂದೇ ಸೂರಿನಡಿ ಇದ್ದರೂ ಅಡುಗೆ ಬೇರೆಯಾದರೆ ಕುಟುಂಬವೂ ಬೇರೆ, ಇದನ್ನು ಬಾಗಿಲಲ್ಲೇ ವಿಚಾರಿಸಿಕೊಳ್ಳಿ.

‘ಇದರಿಂದ ನಮಗೇನು ಸಿಗುತ್ತದೆ?’ ಎಂದು ಕೇಳುತ್ತಾರೆ. ದುಡಿಮೆಯ ಹೊತ್ತನ್ನು ನಿಮಗೆ ಕೊಟ್ಟವರಿಗೆ ಕೇಳುವ ಹಕ್ಕಿದೆ. ಏನೋ ಯೋಜನೆ ಬರುತ್ತದೆ ಎಂದು ಆಸೆ ಹುಟ್ಟಿಸಬೇಡಿ: ಅದು ಅನ್ಯಾಯ, ಜೊತೆಗೆ ಆ ಮಾತು ಹಬ್ಬಿದರೆ ಮುಂದಿನ ಮನೆಗಳಲ್ಲಿ ಆದಾಯವೆಲ್ಲ ಕುಗ್ಗಿಬಿಡುತ್ತದೆ. ನೇರವಾಗಿ ಏನೂ ಸಿಗುವುದಿಲ್ಲ, ನಿಮ್ಮ ಹೆಸರು ಹೊರಗೆ ಹೋಗುವುದಿಲ್ಲ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ. ಸಾಲದ ಪ್ರಶ್ನೆ ಬರುವ ಹೊತ್ತಿಗೆ ನೆರೆಯವರು ಸುತ್ತ ನಿಂತಿದ್ದರೆ, ಆ ಪುಟವೊಂದನ್ನು ಉಳಿಸಿಕೊಂಡು ಮತ್ತೊಮ್ಮೆ ಬಂದು ಕೇಳಿ.