ಜ್ವರದ ಸುದ್ದಿ ಬಂದರೆ ನಾವು ಮೊದಲು ಕೇಳುವುದು ತಲಪಾಡಿಯ ಸಂಗತಿ

ನೀವು ಕೇಳಿದ್ದು ಎರಡು ಪ್ರಶ್ನೆ. ಸಾಂಕ್ರಾಮಿಕ ರೋಗ ಹರಡುವಾಗ ಗಡಿ ಊರಿನ ಜನ ಹೇಗೆ ದಿನ ತೆಗೆಯುತ್ತಾರೆ ಎನ್ನುವುದು ಒಂದು. "ನಿಮಗೆ ಮಂಗಳೂರು ಪಕ್ಕದಲ್ಲೇ ಇದೆಯಲ್ಲ, ಆಸ್ಪತ್ರೆಗೆ ಏನು ಕಡಿಮೆ?" ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಹೇಳಿದರೆ ಮೊದಲನೆಯದೂ ಅರ್ಧ ಮುಗಿದ ಹಾಗೆ.

ನಾನಿರುವುದು ಕಾಸರಗೋಡು ಜಿಲ್ಲೆಯ ಬಡಗು ತುದಿಯಲ್ಲಿ, ಮಂಜೇಶ್ವರದ ಕಡೆ. 1956ರ ನವೆಂಬರ್ 1ರ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯವರೇ. ರಾಜ್ಯಗಳ ವಿಂಗಡಣೆ ಆದಾಗ ಕೇರಳಕ್ಕೆ ಸೇರಿದೆವು. ಆದರೂ ಮಂಜೇಶ್ವರದವರಿಗೆ ಕಾಸರಗೋಡು ಪೇಟೆಗಿಂತ ಮಂಗಳೂರೇ ಹತ್ತಿರ. ರಾಜಧಾನಿ ತಿರುವನಂತಪುರ ಐನೂರು ಕಿಲೋಮೀಟರಿಗಿಂತ ಜಾಸ್ತಿ ದೂರ. ಅಕ್ಕನನ್ನು ವಿಟ್ಲಕ್ಕೆ ಕೊಟ್ಟಿರುತ್ತಾರೆ, ಅತ್ತಿಗೆ ಪುತ್ತೂರಿನವಳು, ಮಗ ಓದುವುದು ಮಂಗಳೂರಿನಲ್ಲಿ. ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಕಾರು ತಾನಾಗಿ ಬಡಗು ದಿಕ್ಕಿಗೆ ತಿರುಗುತ್ತದೆ. ದೇರಳಕಟ್ಟೆಯ ದೊಡ್ಡ ಆಸ್ಪತ್ರೆಗಳಿಗೆ ಗಡಿಯಿಂದ ಅರ್ಧ ಗಂಟೆ ಸಾಕು. ಕೇರಳದ ಒಳಗೆ ಅಂಥದ್ದೇ ಆಸ್ಪತ್ರೆ ಬೇಕೆಂದರೆ ಕಣ್ಣೂರು ಜಿಲ್ಲೆಯ ಪರಿಯಾರಕ್ಕೆ ಹೋಗಬೇಕು. ನಮ್ಮಿಂದ ನೂರರ ಹತ್ತಿರ ಕಿಲೋಮೀಟರ್.

ನಡುವೆ ತಲಪಾಡಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕೇರಳ ಮುಗಿದು ಕರ್ನಾಟಕ ಶುರುವಾಗುವ ಜಾಗ. ಮೊದಲೆಲ್ಲ ಅಲ್ಲಿ ಒಂದು ಬಸ್ಸಿನಿಂದ ಇಳಿದು ಇನ್ನೊಂದು ಬಸ್ಸು ಹತ್ತುವುದು, ಚಹಾ ಕುಡಿಯುವುದು, ಅಷ್ಟೇ. ಗಡಿ ಅಂತ ಯಾರೂ ತಲೆ ಕೆಡಿಸಿಕೊಂಡವರಲ್ಲ.

ಇದನ್ನು ಇಷ್ಟು ಹೇಳಿದ್ದು ಯಾಕೆಂದರೆ, 2020ರ ಮಾರ್ಚ್‌ನಲ್ಲಿ ಏನಾಯಿತು ಎನ್ನುವುದು ಇದಿಲ್ಲದೆ ಅರ್ಥ ಆಗುವುದಿಲ್ಲ.

ಕೊರೊನಾ ನಮಗೆ ಬೇಗ ಪರಿಚಯವಾಯಿತು. ದೇಶದ ಮೊದಲ ರೋಗಿ ತ್ರಿಶೂರಿನಲ್ಲಿ ಪತ್ತೆಯಾದದ್ದು 2020ರ ಜನವರಿ 30ಕ್ಕೆ. ಮೂರನೆಯ ರೋಗಿ ನಮ್ಮದೇ ಜಿಲ್ಲೆಯ ಕಾಞಂಗಾಡಿನಲ್ಲಿ, ಫೆಬ್ರವರಿ 3ಕ್ಕೆ. ವುಹಾನಿನಿಂದ ಬಂದ ವಿದ್ಯಾರ್ಥಿ, ಗುಣವಾಗಿ ಮನೆಗೂ ಹೋದರು. ಎಲ್ಲ ಮುಗಿಯಿತು ಅಂದುಕೊಂಡೆವು. ಮಾರ್ಚ್ ಮಧ್ಯಕ್ಕೆ ಗಲ್ಫಿನಿಂದ, ಅದರಲ್ಲೂ ದುಬೈಯಿಂದ ಬಂದವರಲ್ಲಿ ಸೋಂಕು ಕಾಣಿಸತೊಡಗಿತು. ಇಲ್ಲಿ ಗಲ್ಫಿನ ನಂಟು ಇಲ್ಲದ ಊರಿಲ್ಲ. ತಿಂಗಳ ಕೊನೆಗೆ ಕೇರಳದಲ್ಲೇ ಅತಿ ಹೆಚ್ಚು ರೋಗಿಗಳು ಇದ್ದ ಜಿಲ್ಲೆ ನಮ್ಮದಾಯಿತು.

ಆಗ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ಪೊಲೀಸ್ ಕಾವಲು. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಹೊರಗಿನವರಿಗೆ ಈ ಒಳದಾರಿಗಳ ಲೆಕ್ಕ ಗೊತ್ತಿರುವುದಿಲ್ಲ. ಪೆರ್ಲದಿಂದ ಸಾರಡ್ಕ ದಾಟಿ ವಿಟ್ಲಕ್ಕೆ ಒಂದು ದಾರಿ, ಮುಳ್ಳೇರಿಯಾ ಕಡೆಯಿಂದ ಜಾಲ್ಸೂರಿಗೆ ಇನ್ನೊಂದು. ಅಡಿಕೆ ತೋಟಗಳ ನಡುವೆ ನುಸುಳುವ ಸಣ್ಣಪುಟ್ಟ ದಾರಿಗಳಂತೂ ಎಷ್ಟೋ. ದೇಲಂಪಾಡಿ ಪಂಚಾಯತಿನ ಕೆಲವು ಕಡೆಯವರು ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಬರಬೇಕಾದರೂ ಕರ್ನಾಟಕದ ನೆಲ ತುಳಿದೇ ಬರಬೇಕು. ಅವರು ಎರಡೂ ಕಡೆಗೆ ಇಲ್ಲದವರಾದರು.

ದಕ್ಷಿಣ ಕನ್ನಡದವರ ಹೆದರಿಕೆ ಸುಳ್ಳಾಗಿರಲಿಲ್ಲ. ಪಕ್ಕದ ಜಿಲ್ಲೆಯಲ್ಲಿ ದಿನಕ್ಕಿಷ್ಟು ಹೊಸ ರೋಗಿಗಳು ಅಂದರೆ ನಾನಾದರೂ ಬಾಗಿಲು ಹಾಕುತ್ತಿದ್ದೆ. ಮದುವೆಗೆ, ಪೇಟೆ ಸುತ್ತುವುದಕ್ಕೆ ಬರಬೇಡಿ ಅಂದಿದ್ದರೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ. ಆದರೆ ಆಂಬುಲೆನ್ಸನ್ನೂ ತಿರುಗಿಸಿದರು. ಹೃದಯದ ಕಾಯಿಲೆಯವರು, ಕಿಡ್ನಿ ಕಾಯಿಲೆಯವರು, ವರ್ಷಗಟ್ಟಲೆ ಮಂಗಳೂರಿನ ಡಾಕ್ಟರನ್ನೇ ನಂಬಿದವರು ಗಡಿಯಲ್ಲಿ ಬಾಕಿಯಾದರು. ಸಮಯಕ್ಕೆ ಚಿಕಿತ್ಸೆ ಸಿಗದೆ ಸತ್ತವರು ಒಬ್ಬಿಬ್ಬರಲ್ಲ. ಹೊರರಾಜ್ಯದಿಂದ ಕೂಲಿಗೆ ಬಂದಿದ್ದ ಕುಟುಂಬದ ಹೆಂಗಸೊಬ್ಬಳಿಗೆ ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತು.

ಈಗ ಒಂದು ಲೆಕ್ಕ ನೋಡಿ. ಆ ಮೊದಲ ಸುತ್ತಿನಲ್ಲಿ ಜಿಲ್ಲೆಯಲ್ಲಿ 170ಕ್ಕಿಂತ ಹೆಚ್ಚು ಜನರಿಗೆ ಕೊರೊನಾ ಬಂತು. ಮೇ ಎರಡನೆಯ ವಾರದ ಹೊತ್ತಿಗೆ ಅವರೆಲ್ಲರೂ ಗುಣವಾದರು. ಒಬ್ಬರೂ ಆ ರೋಗದಿಂದ ಸಾಯಲಿಲ್ಲ. ಸತ್ತವರು ಕೊರೊನಾ ಇಲ್ಲದವರು, ದಾರಿ ಸಿಗದವರು. ನಮ್ಮಲ್ಲಿ ಹಳಬರು ಇವತ್ತಿಗೂ ಆ ತಿಂಗಳನ್ನು 'ಕೊರೊನಾ ಸಮಯ' ಅನ್ನುವುದಕ್ಕಿಂತ 'ಗಡಿ ಬಂದ್ ಮಾಡಿದ ಸಮಯ' ಅನ್ನುವುದೇ ಜಾಸ್ತಿ.

ಸಂಗತಿ ಕೋರ್ಟಿಗೆ ಹೋಯಿತು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿಸಿ ಎಂದು ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ಕ್ಕೆ, ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದವಾಗಿದೆ ಎಂದು ಕೇಂದ್ರದವರು ಅಲ್ಲಿ ತಿಳಿಸಿದರು. ಆ ಕ್ರಮ ಏನೆಂದರೆ, ರೋಗಿಗೆ ಕೊರೊನಾ ಇಲ್ಲ, ಇದು ತುರ್ತು ಕೇಸು, ಇಲ್ಲಿ ಇದಕ್ಕೆ ಚಿಕಿತ್ಸೆ ಇಲ್ಲ ಎಂದು ಕೇರಳದ ಡಾಕ್ಟರು ಬರೆದು ಕೊಡಬೇಕು. ತಲಪಾಡಿಯಲ್ಲಿ ಕುಳಿತ ವೈದ್ಯರ ತಂಡ ಅದನ್ನು ನೋಡಿ ಬಿಡಬೇಕು. ಎದೆ ಹಿಡಿದುಕೊಂಡು ಕುಳಿತವನಿಗೆ ಈ ಕಾಗದ ಮಾಡಿಸುವುದು ಯಾರು ಮಾರಾಯ್ರೇ? ಅಲ್ಲೇ ಊರಿನ ಹುಡುಗರು ಕೆಲಸಕ್ಕೆ ಬಂದರು. ಯಾವ ಡಾಕ್ಟರು ಬೇಗ ಬರೆದು ಕೊಡುತ್ತಾರೆ, ಯಾವ ಆಂಬುಲೆನ್ಸ್ ಡ್ರೈವರಿಗೆ ಅಲ್ಲಿಯ ಕ್ರಮ ಗೊತ್ತು, ಆಚೆ ಬದಿಯಲ್ಲಿ ಯಾರಿಗೆ ಫೋನ್ ಮಾಡಬೇಕು, ಎಲ್ಲ ಅವರ ಮೊಬೈಲಿನಲ್ಲಿ. ಪಕ್ಷ, ಜಾತಿ, ಮತ ನೋಡದೆ ಓಡಾಡಿದರು. ಅದೇ ಹುಡುಗರು ಚುನಾವಣೆಯಲ್ಲಿ ಪರಸ್ಪರ ಮುಖ ನೋಡುವುದಿಲ್ಲ, ಅದು ಬೇರೆ ಮಾತು.

ಮಾತ್ರೆಯದು ಇನ್ನೊಂದು ತಲೆನೋವು. ಮಂಗಳೂರಿನ ಡಾಕ್ಟರು ಬರೆದ ಕೆಲವು ಔಷಧಿಗಳು ಇಲ್ಲಿಯ ಮೆಡಿಕಲ್‌ಗಳಲ್ಲಿ ಸಿಗುತ್ತಿರಲಿಲ್ಲ. ಆಚೆ ಊರಿನ ನಂಟರು ಖರೀದಿ ಮಾಡಿ ಗಡಿಯ ತನಕ ತರುವುದು, ಈಚೆಯವರು ಹೋಗಿ ತೆಗೆದುಕೊಳ್ಳುವುದು. ಎಣ್ಮಕಜೆ ಪಂಚಾಯತಿನಲ್ಲಿ ಎಂಡೋಸಲ್ಫಾನ್ ಪೀಡಿತರ ಮನೆಗಳಿವೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಆ ಕೀಟನಾಶಕ ವಿಷ ಸಿಂಪಡಿಸುತ್ತಿದ್ದ ಕಾಲದ ಫಲ. ಅಂಥ ಮನೆಗಳಲ್ಲಿ ಒಂದು ದಿನದ ಮಾತ್ರೆ ತಪ್ಪಿದರೂ ಕಷ್ಟ. ಆ ತಾಯಂದಿರಿಗೆ ಟಿವಿಯಲ್ಲಿ ತೋರಿಸುವ ವೈರಸ್ಸಿನ ಚಿತ್ರ ನೋಡುವುದಕ್ಕೂ ಪುರುಸೊತ್ತು ಇರಲಿಲ್ಲ.

ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಥೆಯನ್ನೂ ಹೇಳಬೇಕು. ಅದಕ್ಕೆ ಶಿಲಾನ್ಯಾಸ ಆದದ್ದು 2013ರಲ್ಲಿ. ವರ್ಷಗಳು ಹೋದರೂ ಕಟ್ಟಡ ಏಳುತ್ತಲೇ ಇತ್ತು. ಗಡಿ ಮುಚ್ಚಿದ ಮೇಲೆ ಕೆಲವೇ ದಿನಗಳಲ್ಲಿ ಅದರ ಒಂದು ಬ್ಲಾಕು ಕೊರೊನಾ ಆಸ್ಪತ್ರೆಯಾಯಿತು. ತಿರುವನಂತಪುರದಿಂದ ವೈದ್ಯರ ತಂಡ ಬಂತು. ಆಮೇಲೆ ಚೆಮ್ಮನಾಡಿನ ತೆಕ್ಕಿಲ್‌ನಲ್ಲಿ ಟಾಟಾದವರು ಕಂಟೈನರ್‌ಗಳಿಂದ 500ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಕಟ್ಟಿಕೊಟ್ಟರು. ಇಷ್ಟು ಬೇಗ ಆಗುವ ಕೆಲಸಕ್ಕೆ ಅಷ್ಟು ವರ್ಷ ಯಾಕೆ ಬೇಕಾಯಿತು ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಂತವರೂ ಕೇಳಿದರು. ಉತ್ತರ ಯಾರೂ ಕೊಡಲಿಲ್ಲ. ಮಂಗಳೂರು ಹತ್ತಿರವಿದೆ ಎಂಬ ಧೈರ್ಯದಲ್ಲಿ ಎಲ್ಲರೂ, ನಾವೂ ಸೇರಿ, ಸುಮ್ನೆ ಇದ್ದುಬಿಟ್ಟದ್ದು ಅದಕ್ಕೆ ಒಂದು ಕಾರಣ ಅಂತ ನನ್ನ ಲೆಕ್ಕ.

ದಿನನಿತ್ಯದ ಬದುಕು ಕೇಳಿದಿರಲ್ಲ. ಹಸಿವಿನ ಚಿಂತೆ ಅಷ್ಟಾಗಿ ಇರಲಿಲ್ಲ ಎನ್ನಬೇಕು. ರೇಷನ್ ಅಕ್ಕಿ ಬಂತು, ಕೇರಳ ಸರಕಾರ 17 ಸಾಮಾನುಗಳ ಕಿಟ್ ಕೊಟ್ಟಿತು, ಪಂಚಾಯತಿನ ಸಮುದಾಯ ಅಡುಗೆಮನೆಯಿಂದ ಕಷ್ಟದಲ್ಲಿರುವವರಿಗೆ ಊಟದ ಪೊಟ್ಟಣ ಹೋಯಿತು. ಹಲಸಿನ ಕಾಲ ಬೇರೆ. ಮೀನಿಲ್ಲ, ತರಕಾರಿ ಲಾರಿ ಇಲ್ಲ, ಹಾಗಾಗಿ ದಿನಾ ಗುಜ್ಜೆ, ಅಂದರೆ ಎಳೆ ಹಲಸು. ಗುಜ್ಜೆ ಪಲ್ಯ, ಗುಜ್ಜೆ ಸಾಂಬಾರು, ಹಣ್ಣಾದ ಮೇಲೆ ಬೀಜದ ಸಾರು. ನಮ್ಮ ಮಕ್ಕಳು ಆ ವರ್ಷ ತಿಂದ ಹಲಸಿಗೆ ಲೆಕ್ಕ ಇಲ್ಲ.

ಕೈಗೆ ಕಾಸು ಬರುವುದು ಮಾತ್ರ ನಿಂತಿತು. ಇಲ್ಲಿ ಎಷ್ಟೋ ಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತಂದು, ಕಟ್ಟಿದ ಬೀಡಿ ಕೊಟ್ಟು ಬರಬೇಕು. ಎಲೆ ಬರುವುದು ನಿಂತರೆ ಆ ವಾರದ ಪೇಟೆ ಖರ್ಚೂ ನಿಂತ ಹಾಗೆ. ತೋಟ ಇದ್ದವರ ಅಡಿಕೆ ಅಂಗಳದಲ್ಲಿ ಒಣಗಿ ಅಟ್ಟ ಸೇರಿತು. ಮೇ ಕೊನೆಗೆ ಬರುವ ಪತ್ತನಾಜೆಯ ತನಕ ತಿರುಗಾಟ ಮಾಡಬೇಕಿದ್ದ ಯಕ್ಷಗಾನ ಮೇಳಗಳು ಮಾರ್ಚಿನಲ್ಲೇ ಗೆಜ್ಜೆ ಬಿಚ್ಚಿದವು. ದೈವಗಳ ಕೋಲ, ನೇಮಗಳೂ ನಿಂತವು. ಯಕ್ಷಗಾನದ ಆಟ ಇಲ್ಲದ ಬೇಸಗೆ ಎಂದರೆ ಏನೆಂದು ನಿಮ್ಮ ಕಡೆಯವರಿಗೆ ಹೇಳಿ ತಿಳಿಸುವುದು ಕಷ್ಟ.

ಇನ್ನು ಸುದ್ದಿ. ಬೆಳಗ್ಗೆ ಕನ್ನಡ ಚಾನೆಲ್ಲು, ಸಂಜೆ ಆರು ಗಂಟೆಗೆ ಆಗಿನ ಕೇರಳ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಪತ್ರಿಕಾಗೋಷ್ಠಿ. ಕನ್ನಡ ಚಾನೆಲ್ಲು ಹೇಳುವ ಜಿಲ್ಲೆಗಳ ಪಟ್ಟಿಯಲ್ಲಿ ನಾವಿಲ್ಲ. ಸಂಜೆ ಹೇಳುವ ಪಟ್ಟಿಯಲ್ಲಿ ನಾವೇ ಮೊದಲು, ಆದರೆ ಅದು ಮಲಯಾಳದಲ್ಲಿ. ನಮ್ಮ ತಲೆಮಾರಿಗೆ ಮಲಯಾಳ ಬರುತ್ತದೆ. ಕನ್ನಡ ಮಾತ್ರ ಓದಲು ಬರುವ ಅಜ್ಜ ಅಜ್ಜಿಯರಿಗೆ ಗೋಡೆಗೆ ಹಚ್ಚಿದ ನೋಟೀಸು ಬರೀ ಚಿತ್ರ. ಆಗ ಆಶಾ ಕಾರ್ಯಕರ್ತೆಯರೇ ಗತಿ. ಅಂಗಳದ ಆಚೆ ನಿಂತು ತುಳು, ಕನ್ನಡ, ಮಲಯಾಳ ಬೆರೆಸಿ ಹೇಳುತ್ತಿದ್ದರು: ಅಜ್ಜಿ, ಹೊರಗೆ ಇಳಿಯಬೇಡಿ, ಕೈ ತೊಳೆಯಿರಿ, ದುಬೈಯಿಂದ ಬಂದವನಿಗೆ ಬೇರೆ ಕೋಣೆ ಕೊಡಿ. ಕೆಲವರು ಬೈದರು, ಕೆಲವರು ನೀರು ಕೂಡಾ ಕೊಡಲಿಲ್ಲ. ಮರುದಿನ ಅವರು ಮತ್ತೆ ಬರುತ್ತಿದ್ದರು.

ರೋಗಿ ಎಲ್ಲೆಲ್ಲಿ ಓಡಾಡಿದ ಎಂಬ ರೂಟ್ ಮ್ಯಾಪ್ ಬಂದಾಗ ಊರಿಡೀ ಅದನ್ನು ಓದುವುದೇ. ಆ ದಿನ ನಾವು ಆ ಬೇಕರಿಗೆ ಹೋಗಿದ್ದೆವಾ? ಆ ಮದುವೆಯಲ್ಲಿ ಊಟಕ್ಕೆ ಯಾರ ಪಕ್ಕ ಕೂತಿದ್ದೆವು? ಅಲ್ಲಿಯ ತನಕ ಚಾಕಲೇಟು, ಅತ್ತರು ತರುವ ಗಲ್ಫಿನವನಿಗಾಗಿ ಎಲ್ಲರೂ ಕಾಯುತ್ತಿದ್ದರು. ಒಂದೇ ವಾರದಲ್ಲಿ ಅವನ ಮನೆಯ ದಾರಿಯನ್ನೇ ಬಿಟ್ಟು ನಡೆದರು. ಈ ಊರಿನ ಅರ್ಧ ಮನೆಗಳಿಗೆ ತಾರಸಿ ಬಂದದ್ದು ಅವರ ದುಡ್ಡಿನಿಂದ. ಅದು ನನಗೆ ಇನ್ನೂ ಬೇಸರದ ಸಂಗತಿ.

ಗಡಿ ತೆರೆದ ಮೇಲಾದರೂ ಸುಲಭವಾಯಿತಾ ಎಂದರೆ ಇಲ್ಲ. ಒಬ್ಬನೇ ಮನುಷ್ಯ, ಎರಡು ಸರಕಾರದ ನಿಯಮ. ಕರ್ನಾಟಕಕ್ಕೆ ಹೋಗಲು ಸೇವಾಸಿಂಧು ಜಾಲತಾಣದಲ್ಲಿ ಹೆಸರು ಬರೆಸಬೇಕು, ಹಿಂದೆ ಬರಲು ಕೇರಳದ ಕೋವಿಡ್ ಜಾಗ್ರತಾದಲ್ಲಿ. ದಿನಾ ಮಂಗಳೂರಿಗೆ ಹೋಗಿ ಕೆಲಸ ಮಾಡುವವರಿಗೆ ಪಾಸ್ ಕೊಟ್ಟರು, ನಿಲ್ಲಿಸಿದರು, ಮತ್ತೆ ಕೊಟ್ಟರು. 2021ರಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಎಂಬ ಕೊರೊನಾ ಪರೀಕ್ಷೆಯ ವರದಿ ಬೇಕೆಂದರು. ಲಸಿಕೆ ಎರಡು ಡೋಸ್ ಆಗಿದ್ದರೂ ಬೇಕು. ತಲಪಾಡಿ, ಸಾರಡ್ಕ, ಜಾಲ್ಸೂರಿನಂಥ ಕೆಲವೇ ಕಡೆ ದಾರಿ. ದಿನಾ ಓಡಾಡುವವರು ಹದಿನೈದು ದಿನಕ್ಕೊಮ್ಮೆ ಮೂಗು ಕೊಟ್ಟು ನಿಲ್ಲಬೇಕಾಯಿತು. ಅಂಗಡಿಯಲ್ಲಿ ಸಂಬಳಕ್ಕೆ ನಿಂತ ಹುಡುಗಿಯರು ಕೆಲವರು ಕೆಲಸವನ್ನೇ ಬಿಟ್ಟರು. ಕೆಲವರು ಮಂಗಳೂರಿನಲ್ಲಿ ಪಿಜಿ ಹುಡುಕಿದರು. ಹದಿನೈದು ಇಪ್ಪತ್ತು ಕಿಲೋಮೀಟರ್ ದೂರದ ಮನೆಗೆ ಹೋಗಲಾಗದೆ ಪಿಜಿಯಲ್ಲಿ ಇರುವುದು ಎಂದರೆ ಯೋಚಿಸಿ.

ಈಗ ಕೊರೊನಾದ ಮಾತು ಯಾರೂ ಆಡುವುದಿಲ್ಲ. ಆದರೆ ನಿಫಾ ಜ್ವರ ಇದೆಯಲ್ಲ. 2018ರಲ್ಲಿ ಕೋಝಿಕ್ಕೋಡಿನಲ್ಲಿ ಬಂತು, 2021ರಲ್ಲಿ, 2023ರಲ್ಲಿ ಮತ್ತೆ ಅಲ್ಲೇ, 2024ರಲ್ಲಿ ಮಲಪ್ಪುರಂನಲ್ಲಿ. ನಮ್ಮಿಂದ ನೂರೈವತ್ತು ಕಿಲೋಮೀಟರಿಗಿಂತ ಆಚೆಗಿನ ಸಂಗತಿ. ಆದರೂ ಸುದ್ದಿ ಬಂದ ಸಂಜೆಯೇ ಕ್ಯಾಂಟೀನಿನಲ್ಲಿ ಪ್ರಶ್ನೆ ಏಳುತ್ತದೆ: "ತಲಪಾಡಿ ಬಂದ್ ಮಾಡ್ತಾರಾ?" 2023ರಲ್ಲಿ ಕರ್ನಾಟಕ ಗಡಿಯಲ್ಲಿ ಜ್ವರ ಇದೆಯಾ ಎಂದು ನೋಡುವ ಏರ್ಪಾಡು ಮಾಡಿತು, ಅಷ್ಟೇ. ದಾರಿ ಮುಚ್ಚಲಿಲ್ಲ. ಆದರೂ ಕಾಸರಗೋಡಿನ ಕೆಎಲ್ 14 ನಂಬರಿನ ಕಾರು ಕಂಡರೆ ಆಚೆಯವರ ಕಣ್ಣು ಸ್ವಲ್ಪ ದೊಡ್ಡದಾಗುತ್ತದೆ. ಕೋಝಿಕ್ಕೋಡು ಎಲ್ಲಿ, ಮಂಜೇಶ್ವರ ಎಲ್ಲಿ ಎಂದು ಪ್ರತಿ ಸಲ ವಿವರಿಸುವುದಕ್ಕೆ ನಮಗೂ ಬೇಜಾರು.

ನಿಫಾ ವೈರಸ್ಸು ಹಣ್ಣು ತಿನ್ನುವ ಬಾವಲಿಗಳಲ್ಲಿ ಇರುತ್ತದೆ. ಅಡಿಕೆ ತೋಟದವರಿಗೆ ಇದರಲ್ಲಿ ಬೇರೆಯೇ ಚಿಂತೆ. ಬಾವಲಿ ಹಣ್ಣಡಿಕೆಯ ಸಿಪ್ಪೆ ಚೀಪಿ ಕಾಯಿ ಬಿಸಾಡುತ್ತದೆ. ಮರದ ಬುಡದಲ್ಲಿ ಬಿದ್ದ ಆ ಅಡಿಕೆಯನ್ನು ಹೆಕ್ಕುವುದು ಮನೆಯ ಮಕ್ಕಳ, ಮುದುಕರ ಕೆಲಸ. ಈಗ ಸುದ್ದಿ ಬಂದಾಗ ಮಕ್ಕಳನ್ನು ಕಳಿಸುವುದಿಲ್ಲ, ದೊಡ್ಡವರು ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಹೆಕ್ಕುತ್ತಾರೆ. ಪೂರಾ ಬಿಡುವುದು ಯಾರಿಂದಲೂ ಆಗಿಲ್ಲ, ಅಡಿಕೆಗೆ ಬೆಲೆ ಇದೆಯಲ್ಲ. ಹಕ್ಕಿ ಕಚ್ಚಿದ ಹಣ್ಣು ಸಿಹಿ ಜಾಸ್ತಿ ಎಂದು ತಿನ್ನುತ್ತಿದ್ದ ಪೇರಳೆಯನ್ನು ಮಾತ್ರ ಬಿಟ್ಟಿದ್ದೇವೆ.

ನೀವು ಬರುತ್ತೇನೆ ಅಂದಿದ್ದೀರಿ, ಬನ್ನಿ. ಕೇರಳದಲ್ಲಿ ಎಲ್ಲಾದರೂ ಜ್ವರದ ಸುದ್ದಿ ಇದ್ದರೆ ಹೊರಡುವ ಮೊದಲು ಒಂದು ಫೋನ್ ಮಾಡಿ. ಟಿವಿ ನೋಡಿ ತೀರ್ಮಾನ ಮಾಡಬೇಡಿ. ಆ ದಿನ ತಲಪಾಡಿಯಲ್ಲಿ ಏನು ಕೇಳುತ್ತಿದ್ದಾರೆ, ಸಾರಡ್ಕದಲ್ಲಿ ಏನು ನೋಡುತ್ತಿದ್ದಾರೆ ಎನ್ನುವುದು ಇಲ್ಲಿಯ ಬಸ್ ಕಂಡಕ್ಟರಿಗೂ ಆಂಬುಲೆನ್ಸ್ ಹುಡುಗರಿಗೂ ಮೊದಲು ಗೊತ್ತಾಗುತ್ತದೆ. ಅವರನ್ನು ಕೇಳಿ ಹೇಳುತ್ತೇನೆ.