ಬ್ಯಾರನ್ ದ್ವೀಪದ ಆಡುಗಳು ಏನು ಕುಡಿಯುತ್ತವೆ?
ಓದುಗರ ಪ್ರಶ್ನೆಗಳಿಗೆ ಭೂವಿಜ್ಞಾನದ ನಿವೃತ್ತ ಅಧ್ಯಾಪಕರೊಬ್ಬರ ಉತ್ತರ

2025ರ ಸೆಪ್ಟೆಂಬರಿನಲ್ಲಿ ಅಂಡಮಾನಿನ ಬ್ಯಾರನ್ ದ್ವೀಪ ಮತ್ತೆ ಬೆಂಕಿ ಉಗುಳಿದಂದಿನಿಂದ ಜಿಲ್ಲೆಯ ಮೂಲೆಮೂಲೆಯಿಂದ ಪತ್ರಗಳು ಬರುತ್ತಿವೆ. ಊರು ಬೇರೆಯಾದರೂ ಪ್ರಶ್ನೆಗಳು ಮಾತ್ರ ಅವೇ. ಜ್ವಾಲಾಮುಖಿ ಎಂದರೇನೆಂಬುದು ಪ್ರೌಢಶಾಲೆಯ ಪಠ್ಯದಲ್ಲಿರುವುದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ಬ್ಯಾರನ್ ಸಿಡಿದರೆ ಕೊಡಗಿನ ಗುಡ್ಡಗಳು ಜಾರುತ್ತವೆಯೇ? ನಮ್ಮ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಕೂಡ ಆರಿದ ಜ್ವಾಲಾಮುಖಿಯಂತೆ, ನಿಜವೇ? (ನಾಪೋಕ್ಲು)

ಎರಡೂ ಸುಳ್ಳು. ನಮ್ಮ ಬೆಟ್ಟಗಳದು ಸುಮಾರು 300 ಕೋಟಿ ವರ್ಷ ಹಳೆಯ, ನೆಲದಾಳದಲ್ಲಿ ಬೆಂದು ಗಟ್ಟಿಯಾದ ಶಿಲೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದಕ್ಕೆ ಎಡೆಬಿಡದ ಮಳೆಯೂ ಇಳಿಜಾರುಗಳನ್ನು ನಾವೇ ಕಡಿದ ರೀತಿಯೂ ಕಾರಣವೇ ಹೊರತು, ಸುಮಾರು 2,000 ಕಿಲೋಮೀಟರ್ ಆಚೆಯ ದ್ವೀಪವಲ್ಲ.

ಪ್ರಶ್ನೆ: ಬ್ಯಾರನ್ ಎಂಬ ಇಂಗ್ಲಿಷ್ ಹೆಸರಿನಲ್ಲೇ ಬರಡು ಎಂದಿದೆ. ಆದರೂ ಅಲ್ಲಿ ಆಡುಗಳಿದ್ದು, ಸಮುದ್ರದ ನೀರನ್ನೇ ಕುಡಿದು ಬದುಕುತ್ತವೆ ಎಂದು ಓದಿದೆ. ಹಾಗಿದ್ದರೆ ನಮ್ಮ ಆಡುಗಳಿಗೂ ಉಪ್ಪುನೀರನ್ನು ರೂಢಿ ಮಾಡಿಸಬಹುದೇ? (ವಿರಾಜಪೇಟೆ)

ದಯವಿಟ್ಟು ಆ ಪ್ರಯೋಗಕ್ಕೆ ಕೈಹಾಕಬೇಡಿ. ಈ ಒಂದು ಪ್ರಶ್ನೆ ಬೇರೆಬೇರೆ ರೂಪದಲ್ಲಿ ಮತ್ತೆಮತ್ತೆ ಬಂದಿರುವುದರಿಂದ ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಬ್ಯಾರನ್ ಇರುವುದು ಹೆಚ್ಚುಕಡಿಮೆ ಮಡಿಕೇರಿಯ ಅಕ್ಷಾಂಶದಲ್ಲೇ, ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ. ಅಗಲ 3 ಕಿಲೋಮೀಟರಿನಷ್ಟು. ನೀರಿನ ಮೇಲೆ ಕಾಣುವ ಎತ್ತರ 354 ಮೀಟರ್. ಆದರೆ ಅದರ ಬುಡ 2,000 ಮೀಟರಿಗೂ ಹೆಚ್ಚು ಆಳದ ಕಡಲ ತಳದಲ್ಲಿರುವುದರಿಂದ, ಬುಡದಿಂದ ಅಳೆದರೆ ಅದು 1,748 ಮೀಟರಿನ ತಡಿಯಂಡಮೋಳನ್ನು ಮೀರಿಸುವ ಪರ್ವತ. ಭಾರತದ ಭೂಫಲಕವು ಬರ್ಮಾ ಫಲಕದ ಅಡಿಗೆ ಜಾರುವ ಅಂಚಿನಲ್ಲಿ ಅದು ಎದ್ದಿದೆ. ಹಳೆಯ ಜ್ವಾಲಾಮುಖಿ ಕುಸಿದು ಉಳಿದ ದುಂಡನೆಯ ಗೋಡೆಯ ನಡುವೆ ಬೂದಿ ಮತ್ತು ಕಿಟ್ಟದ ಹೊಸ ಶಂಕು ನಿಂತಿದೆ. ಗೋಡೆ ಪಶ್ಚಿಮದ ಕಡೆ ಒಡೆದಿದ್ದು, ಲಾವಾ ಕಡಲಿಗೆ ಹರಿದು ಬಂದದ್ದು ಆ ಬಾಯಿಯಿಂದಲೇ. ಒಳಭಾಗ ನಿಜಕ್ಕೂ ಬರಡು. ಗೋಡೆಯ ಹೊರ ಇಳಿಜಾರುಗಳಲ್ಲಾದರೋ ಮರಗಿಡಗಳಿವೆ, ಆಡುಗಳಿಗೆ ಮೇವೂ ಇದೆ.

ಆ ಆಡುಗಳು ದ್ವೀಪದ ಮೂಲನಿವಾಸಿಗಳಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಹಡಗಿನವರು ಬಿಟ್ಟುಹೋದ ಸಾಕು ಆಡುಗಳ ಸಂತತಿ ಅವು. ಅಲ್ಲಿ ಮಳೆಗೆ ಕೊರತೆಯಿಲ್ಲ. ಆದರೆ ಬೂದಿಯ ನೆಲ ಜರಡಿಯಂತೆ ನೀರನ್ನು ಇಳಿಸಿಬಿಡುವುದರಿಂದ ತೊರೆಯೊಂದೂ ನಿಲ್ಲುವುದಿಲ್ಲ. ಆಡುಗಳು ಕಡಲಂಚಿನಲ್ಲಿ ಉಪ್ಪುನೀರಿಗೆ ಬಾಯಿಡುವುದನ್ನು ಕಂಡವರು ಅದನ್ನೇ ಪವಾಡವೆಂದು ಬರೆದರು. ದ್ವೀಪದ ಆಗ್ನೇಯ ಭಾಗದಲ್ಲಿ ಸಿಹಿನೀರಿನ ಸೆಲೆಗಳು ಸಿಕ್ಕಿವೆ ಎಂಬುದು ಮಾತ್ರ ಪವಾಡದ ಕಥೆಯಷ್ಟು ದೂರ ಹರಡಲಿಲ್ಲ. ಸೊಪ್ಪಿನ ತೇವ, ಇಬ್ಬನಿ ಮತ್ತು ಈ ಸೆಲೆಗಳ ಜೊತೆಗೆ ಒಂದಿಷ್ಟು ಉಪ್ಪುನೀರನ್ನು ಅವುಗಳ ಮೂತ್ರಪಿಂಡ ತಾಳಿಕೊಂಡಿರಬಹುದು. ಹಲವು ತಲೆಮಾರುಗಳಲ್ಲಿ ತಾಳಲಾರದವು ಸತ್ತು ತಾಳಿದವು ಉಳಿದಿರುವ ಸಾಧ್ಯತೆಯೂ ಇದೆ. ನಿಮ್ಮ ಕೊಟ್ಟಿಗೆಯ ಆಡಿಗೆ ಆ ಚರಿತ್ರೆಯಿಲ್ಲ.

ನನಗೆ ಬೇಸರವಾಗುವುದು ಎಲ್ಲರ ಕಣ್ಣೂ ಆಡಿನ ಮೇಲೆಯೇ ನೆಟ್ಟಿರುವುದಕ್ಕೆ. ಒಂದೂವರೆ ಶತಮಾನಕ್ಕೂ ಮಿಕ್ಕಿ ಮಲಗಿದ್ದ ಬೆಟ್ಟ 1991ರಲ್ಲಿ ಎದ್ದ ಬಳಿಕ, 1993ರ ಏಪ್ರಿಲಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಂಡ ಅಲ್ಲಿಗೆ ಹೋದಾಗ, ಅದುವರೆಗೆ ದಾಖಲಾಗಿದ್ದ 16 ಬಗೆಯ ಹಕ್ಕಿಗಳಲ್ಲಿ ಕಂಡದ್ದು 6 ಮಾತ್ರ. ಅವುಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿದ್ದದ್ದು ಕಡಲು ದಾಟಿ ಹಾರಬಲ್ಲ, ಬಿಳಿ ಮೈಗೆ ಕಪ್ಪು ರೆಕ್ಕೆಯಂಚಿನ ದೊಡ್ಡ ಪಾರಿವಾಳ. ಹಣ್ಣು ತಿಂದು ಬೀಜ ಉದುರಿಸುವ ಇಂಥ ಹಕ್ಕಿಗಳೂ ಹಣ್ಣುಬಾವಲಿಗಳೂ ಬಂದುಹೋದರೆ ಸುಟ್ಟ ನೆಲ ಮತ್ತೆ ಚಿಗುರುತ್ತದೆ. ಆ ಚಿಗುರನ್ನು ಮೇಯಲು ಮನುಷ್ಯ ಬಿಟ್ಟ ಆಡು, ಬೀಜವನ್ನು ತಿನ್ನಲು ಇಲಿ ಕಾದಿರುತ್ತವೆ.

ಪ್ರಶ್ನೆ: ನಾರ್ಕೊಂಡಮ್‌ನ ಮಂಗಟ್ಟೆ ಹಕ್ಕಿಯೂ ನಮ್ಮ ಕಾಡಿನದೂ ಒಂದೆಯೇ? ಅದನ್ನು ಇಲ್ಲಿಗೆ ತಂದು ಸಾಕಬಾರದೇಕೆ? (ಪೊನ್ನಂಪೇಟೆ)

ಒಂದಲ್ಲ. ನಾರ್ಕೊಂಡಮ್ ಬ್ಯಾರನ್‌ನ ಉತ್ತರಕ್ಕಿರುವ, 710 ಮೀಟರ್ ಎತ್ತರದ, ದಟ್ಟ ಕಾಡಿನ ಇನ್ನೊಂದು ಜ್ವಾಲಾಮುಖಿ ದ್ವೀಪ; ಪೊಲೀಸ್ ಹೊರಠಾಣೆಯ ಸಿಬ್ಬಂದಿ ಬಿಟ್ಟರೆ ಅಲ್ಲಿ ಜನವಸತಿಯಿಲ್ಲ. ಸುಮಾರು 7 ಚದರ ಕಿಲೋಮೀಟರಿನ ಆ ನೆಲದಲ್ಲಲ್ಲದೆ ಆ ಮಂಗಟ್ಟೆ ಲೋಕದಲ್ಲಿ ಬೇರೆಲ್ಲೂ ಕಾಡಿನಲ್ಲಿ ಬದುಕಿಲ್ಲ. ಗಂಡಿನ ತಲೆ, ಕುತ್ತಿಗೆ ಕೆಂಗಂದು, ಹೆಣ್ಣಿನದು ಕಪ್ಪು. ಆಡಿನ ಕಥೆ ಓದಿದ ಮೇಲೂ ಪ್ರಾಣಿಗಳನ್ನು ಇಲ್ಲಿಂದಲ್ಲಿಗೆ ಸಾಗಿಸುವ ಉತ್ಸಾಹ ಉಳಿದಿದ್ದರೆ ನನ್ನಲ್ಲಿ ಬೇರೆ ಉತ್ತರವಿಲ್ಲ.

ಪ್ರಶ್ನೆ: ಮಂಗಟ್ಟೆಯ ಎಣ್ಣೆ ಕೀಲುನೋವಿಗೆ ಒಳ್ಳೆಯದೇ? (ಸೋಮವಾರಪೇಟೆ)

ಅದನ್ನು ಮಾರುವವನು ವೈದ್ಯನಲ್ಲ, ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧಿ. ಮಂಡಿನೋವಿಗೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಜ್ವಾಲಾಮುಖಿ ಬೂದಿಯೆಂದು ಚೀಲದಲ್ಲಿ ಮಾರುವ ಪುಡಿ ಕಾಫಿಗಿಡಕ್ಕೆ ಗೊಬ್ಬರವಾದೀತೇ? (ಸುಂಟಿಕೊಪ್ಪ)

ಜಾವಾದ ಕಾಫಿನೆಲ ಫಲವತ್ತಾದದ್ದು ಬೂದಿ ಬಹುಕಾಲ ಶಿಥಿಲಗೊಂಡು ಮಣ್ಣಾದ ಮೇಲೆ. ಮೊದಲು ನಿಮ್ಮ ತೋಟದ ಮಣ್ಣು ಪರೀಕ್ಷೆ ಮಾಡಿಸಿ. ಚೀಲ ಅಂಗಡಿಯಲ್ಲೇ ಇರಲಿ.